ನಾಲ್ಕನೇ ಮೂಲೆಯ ತಂತಿ

ಕಾಮಾಕ್ಷಿಪಾಳ್ಯ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಹೂವು, ಹಿಮ, ನದಿ, ಸೇತುವೆ ಎಂದು ಬರೆಯುತ್ತಾರೆ. ನಾನು ಅದೇನನ್ನೂ ಸರಿಯಾಗಿ ನೋಡಲಿಲ್ಲ. ಜರ್ಮನಿಗೆ ನಾನು ಹೋಗಿದ್ದೇ ಜಗಳ ಆಡುವುದಕ್ಕೆ. ಐವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡು, ಆರ್‌ಪಿಸಿ ಲೇಔಟಿನ ಮನೆಗೆ ಬೀಗ ಹಾಕಿ, ಜಗಳಕ್ಕೆಂದು ವಿಮಾನ ಹತ್ತಿದ ಹೆಂಗಸು ನಾನೊಬ್ಬಳೇ ಇರಬೇಕು.

ನಮ್ಮದು ಮರದಲ್ಲಿ ತಂತಿ ಕೂರಿಸುವ ಕೆಲಸ. ಬೀಟೆ ಮರದ ಹಲಗೆಯ ಮೇಲೆ ಚೂಪಾದ ಉಳಿಯಿಂದ ಸಣ್ಣ ಗೀರು ತೆಗೆದು, ಅದರೊಳಕ್ಕೆ ಚಪ್ಪಟೆ ಹಿತ್ತಾಳೆ ತಂತಿಯನ್ನು ಪುಟ್ಟ ಸುತ್ತಿಗೆಯಿಂದ ಬಡಿದು ಇಳಿಸಬೇಕು. ಬಳ್ಳಿ, ಎಲೆ, ಸುರುಳಿ ಎಲ್ಲವೂ ತಂತಿಯಲ್ಲೇ. ಬಳ್ಳಿಯ ತುದಿಗೆ ಹಿತ್ತಾಳೆಯ ಮೊಗ್ಗು, ಹಲಗೆಯ ಅಂಚಿಗೆ ಹಲಸಿನ ಮರದ ಹಳದಿ ಎಳೆ. ತಂತಿಗೆ ಅಂಟು ಹಾಕುವುದಿಲ್ಲ. ಬಡಿದಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ, ಮರ ನೀರು ಕುಡಿದು ಉಬ್ಬಿ ತಂತಿಯನ್ನು ಹಿಡಿದುಕೊಳ್ಳುತ್ತದೆ. "ಮರಕ್ಕೆ ನೀರು ಕುಡಿಸು, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ" ಎನ್ನುವುದು ನಮ್ಮಪ್ಪನ ಮಾತು. ಅಪ್ಪ ಹೋದ ಮೇಲೆ ಕಾಮಾಕ್ಷಿಪಾಳ್ಯದ ಶೆಡ್ಡನ್ನು ನಾನೂ ನನ್ನ ತಮ್ಮ ಮಂಜುವೂ ನೋಡಿಕೊಳ್ಳುತ್ತೇವೆ. ಅವನದು ಮರ ಕೊಯ್ಯುವ ಕೆಲಸ, ನನ್ನದು ತಂತಿ. ಅಪ್ಪನ ಫೋಟೊ, ಅಪ್ಪನ ಹತ್ಯಾರು ಅಲ್ಲೇ ಇರುವುದರಿಂದ ಯಾರೇ ಬಂದರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು.

ಹೋದ ಮಳೆಗಾಲದಲ್ಲಿ ಜರ್ಮನಿಯ ಒಂದು ಸಣ್ಣ ಊರಿನಿಂದ ಟೀಪಾಯಿಗೆ ಆರ್ಡರ್ ಬಂತು. ಅಲ್ಲಿ ಮರಗೆಲಸದ ಪ್ರದರ್ಶನವಂತೆ, ನಡೆಸುವವಳು ಉರ್ಸುಲಾ ಅಂತ, ಅವಳೂ ಮರಗೆಲಸದವಳೇ. ಹಲಗೆಯ ನಾಲ್ಕು ಮೂಲೆಗೂ ಒಂದೇ ಥರದ ಬಳ್ಳಿ. ಮೂರು ಮೂಲೆ ನಾನು ಮಾಡಿದೆ, ನಾಲ್ಕನೆಯದನ್ನು ಗಿರಿಜಾಳಿಗೆ ಕೊಟ್ಟೆ.

ಗಿರಿಜಾ ಬ್ಯಾಡರಹಳ್ಳಿಯ ಹಳೇ ಊರಿನವಳು. ನಮ್ಮಲ್ಲಿ ಒಂಬತ್ತು ವರ್ಷದಿಂದ ಇದ್ದಳು. ಎಡಗೈಯವಳು. ನಾನು ಅವಳನ್ನು ಕರೆಯುತ್ತಿದ್ದುದೇ ಎಡಚಿ ಅಂತ. ಶೆಡ್ಡಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ನಾನು ಒಂದು ದಿನದಲ್ಲಿ ಮುಗಿಸುವ ಮೂಲೆಗೆ ಅವಳು ಮೂರು ದಿನ ತೆಗೆದುಕೊಂಡಳು. ಯಾಕೆ ಎಂದು ಕೇಳಿದರೆ ಏನೇನೋ ಹೇಳಲು ಬಂದಳು. ಕೇಳಿಸಿಕೊಳ್ಳುವ ಪುರುಸೊತ್ತು ನನಗಿರಲಿಲ್ಲ.

ಟೀಪಾಯಿ ಹೋಗಿ ಎರಡು ತಿಂಗಳಿಗೆ, ಜನವರಿಯಲ್ಲಿ, ಮಂಜುವಿನ ಫೋನಿಗೆ ಒಂದು ಫೋಟೊ ಬಂತು. ಕಾಫಿ ಹೊತ್ತು. ಎಲ್ಲರೂ ಶೆಡ್ಡಿನಲ್ಲೇ ಇದ್ದರು.

"ಅಕ್ಕಾ, ತಂತಿ ಎದ್ದಿದ್ಯಂತೆ" ಎಂದು ಮಂಜು ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಬಳ್ಳಿಯೊಂದರ ತಂತಿ ಬಾಚದ ಕೂದಲಿನ ಹಾಗೆ ಅಲ್ಲಲ್ಲಿ ಮೇಲಕ್ಕೆ ಎದ್ದಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಇದು ಎಡಚಿ ಕೆಲ್ಸ" ಎಂದೆ.

ಗಿರಿಜಾ ಕಾಫಿ ಲೋಟ ಕೆಳಗಿಟ್ಟಳು. "ಅಕ್ಕಾ, ಒಂದ್ಸಲ ಸರಿಯಾಗಿ ನೋಡಿ."

"ನೋಡೋದೇನಿದೆ? ಮೂರು ದಿನ ಒಂದು ಮೂಲೆ ಇಟ್ಕೊಂಡು ಪೂಜೆ ಮಾಡ್ತಾ ಕೂತಿದ್ದೆ. ಎಡಗೈಲಿ ಮಾಡಿದ್ದು ಎಡವಟ್ಟೇ. ನಮ್ಮಪ್ಪ ಐವತ್ತು ವರ್ಷ ಉಳಿಸಿದ ಹೆಸರನ್ನ ಒಂದೇ ಮೂಲೇಲಿ ಕಳೆದೆಯಲ್ಲೇ."

"ಅದು ನನ್ನ ಮೂಲೆ ಅಂತ ಹೆಂಗೆ ಹೇಳ್ತೀರಾ?"

"ನಂಗೆ ಗೊತ್ತಾಗಲ್ವಾ? ನಾಳೆಯಿಂದ ಬರ್ಬೇಡ."

ಅವಳು ಎದ್ದಳು. ತನ್ನ ಸುತ್ತಿಗೆಯನ್ನು ಒರೆಸಿ ಜಾಗದಲ್ಲಿಟ್ಟಳು. ಹೊರಗೆ ಬಿಟ್ಟಿದ್ದ ಚಪ್ಪಲಿಯನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ರಸ್ತೆಯವರೆಗೂ ಹೋದಳು. ನನ್ನ ಕನ್ನಡಕ ಆಗ ಮೇಜಿನ ಡ್ರಾಯರಿನಲ್ಲಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವುದಕ್ಕೆ ಇನ್ನೂ ಕಷ್ಟವಾಗುತ್ತದೆ.

ಮಾರನೇ ದಿನ ಉರ್ಸುಲಾಳ ಈಮೇಲ್ ಬಂತು. ಪ್ರದರ್ಶನ ಶುರುವಾಗುವ ಮೊದಲು ಯಾರಾದರೂ ಬಂದು ಸರಿಮಾಡುವುದಾದರೆ ಟಿಕೆಟ್ ಅವರೇ ಕಳಿಸುತ್ತಾರಂತೆ. ಆಗದಿದ್ದರೆ ಟೀಪಾಯಿಯನ್ನು ಒಂದು ಬದಿಗಿಟ್ಟು, ಹಾಳಾಗಿದೆ ಎಂದು ಚೀಟಿ ಅಂಟಿಸುತ್ತಾರಂತೆ. ಅಪ್ಪನ ಹೆಸರಿನ ಶೆಡ್ಡಿನ ಕೆಲಸಕ್ಕೆ ಹಾಳಾಗಿದೆ ಎಂಬ ಚೀಟಿ. ನಾನೇ ಹೋಗ್ತೀನಿ ಎಂದೆ. ಅರ್ಧ ತಪ್ಪು ಎಡಚಿಯದು, ಇನ್ನರ್ಧ ಟೀಪಾಯಿಯನ್ನು ಎಲ್ಲೋ ಎತ್ತಿಹಾಕಿದ ಅವರದೇ ಇರಬೇಕು, ಮುಖಕ್ಕೆ ಮುಖ ಕೊಟ್ಟು ಹೇಳಿ ಬರ್ತೀನಿ ಎಂದು ಹೊರಟೆ.

ದೇವನಹಳ್ಳಿ

ಅಪ್ಪನ ಸುತ್ತಿಗೆಯನ್ನು ಲಗೇಜಿಗೆ ಹಾಕಲು ಮನಸ್ಸಾಗಲಿಲ್ಲ. ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದೇನ್ ಆಂಟಿ?" ಎಂದಳು.

"ಸುತ್ತಿಗೆ."

"ಸುತ್ತಿಗೆ ಅಂತ ಗೊತ್ತು. ಫ್ಲೈಟಲ್ಲಿ ಯಾಕೆ?"

"ನೋಡಮ್ಮ, ಇದು ಅಂಗೈಯಷ್ಟೂ ಇಲ್ಲ. ಇದ್ರಿಂದ ಇಲಿನೂ ಸಾಯಲ್ಲ."

"ರೂಲ್ಸ್ ಆಂಟಿ. ಇಲ್ಲೇ ಬಿಟ್ಟೋಗಿ, ಇಲ್ಲ ಲಗೇಜಿಗೆ ಹಾಕ್ಬಿಟ್ಟು ಬನ್ನಿ."

ಅಪ್ಪನ ಸುತ್ತಿಗೆಯನ್ನು ಬಿಟ್ಟುಹೋಗುವುದೇ. ಮತ್ತೆ ಹೊರಗೆ ಓಡಿ, ಸಾಲಿನಲ್ಲಿದ್ದವರ ಹತ್ತಿರವೆಲ್ಲ ಬೈಸಿಕೊಂಡು, ಇಡೀ ಕೈಚೀಲವನ್ನೇ ಲಗೇಜಿಗೆ ಹಾಕಿ ಬಂದೆ. ಸ್ವೆಟರು ಅದರಲ್ಲೇ ಇತ್ತು, ಚಿತ್ರಾನ್ನದ ಡಬ್ಬಿಯೂ ಅದರಲ್ಲೇ. ದಾರಿಯುದ್ದಕ್ಕೂ ನಡುಗುತ್ತಾ ಹಸಿದುಕೊಂಡು ಕುಳಿತೆ. ಪಕ್ಕದಲ್ಲಿದ್ದ ಗಂಡಸು ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಅವನು ನನಗೇನೂ ಮಾಡಿರಲಿಲ್ಲ, ಆದರೂ ಅವನ ಮೇಲೆ ಸಿಟ್ಟು ಬಂತು.

ಶುಕ್ರವಾರ, ರೈಲು

ಜರ್ಮನಿಯ ರೈಲು ಗಡಿಯಾರ ನೋಡಿಕೊಂಡು ಓಡುತ್ತದೆ ಎಂದು ನಮ್ಮ ಬೀದಿಯವರೆಲ್ಲ ಹೇಳಿ ಕಳಿಸಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ನಾನು ಹತ್ತಬೇಕಾದ ರೈಲು ಮುಕ್ಕಾಲು ಗಂಟೆ ತಡವಾಗಿ ಬಂತು. ಅದೂ ಬೇರೆ ಪ್ಲಾಟ್‌ಫಾರ್ಮಿಗೆ. ಮೈಕಿನಲ್ಲಿ ಏನೋ ಹೇಳಿದರು, ಅಷ್ಟೂ ಜನ ತುಟಿಪಿಟಕ್ಕೆನ್ನದೆ ಪೆಟ್ಟಿಗೆ ಎಳೆದುಕೊಂಡು ಆ ಕಡೆಗೆ ನಡೆದರು. ನಮ್ಮ ಮಾಗಡಿ ರಸ್ತೆಯ ಬಸ್ ಸ್ಟಾಪಾಗಿದ್ದರೆ ಇಷ್ಟು ಹೊತ್ತಿಗೆ ಕಂಡಕ್ಟರನ ವಂಶವನ್ನೆಲ್ಲ ಜಾಲಾಡಿರುತ್ತಿದ್ದರು. ಇವರು ಒಳಗೊಳಗೇ ಉಸಿರು ಬಿಟ್ಟು ಸುಮ್ಮನಾದರು. ಇಷ್ಟು ಸಿಟ್ಟನ್ನು ಎಲ್ಲಿಟ್ಟುಕೊಳ್ಳುತ್ತಾರೋ ದೇವರೇ ಬಲ್ಲ.

ಆ ಊರಿನ ಹೆಸರಿಗೆ ನನ್ನ ನಾಲಿಗೆ ಕೊನೆಯವರೆಗೂ ತಿರುಗಲಿಲ್ಲ. ಉರ್ಸುಲಾ ಸ್ಟೇಷನ್ನಿಗೆ ಬಂದಿದ್ದಳು. ನನ್ನದೇ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಕೈ ನೋಡಿದರೆ ಕೆಲಸದ ಕೈ. ಇಬ್ಬರದೂ ಅಷ್ಟಕ್ಕಷ್ಟೇ ಇಂಗ್ಲಿಷು, ಅದು ಒಳ್ಳೆಯದೇ ಆಯಿತು. ಸ್ಟೇಷನ್ನಿನ ಹೊರಗೆ ರಸ್ತೆ ದಾಟುವ ಕಡೆ ಕೆಂಪು ದೀಪವಿತ್ತು. ಒಂದು ಗಾಡಿಯಿಲ್ಲ, ಸೈಕಲ್ಲಿಲ್ಲ, ನಾಯಿಯಿಲ್ಲ. ಐದಾರು ಜನ ಆ ಖಾಲಿ ರಸ್ತೆಯ ಮುಂದೆ ನಿಂತಿದ್ದರು. ವಿಜಯನಗರದ ಬಸ್ ಸ್ಟ್ಯಾಂಡಿನ ಮುಂದೆ ಕೈ ತೋರಿಸಿಕೊಂಡೇ ರಸ್ತೆ ದಾಟಿ ಮುದುಕಿಯಾದವಳು ನಾನು, ದಾಟಿಬಿಟ್ಟೆ. ಹಿಂದಿನಿಂದ ಹಸಿರು ಟೋಪಿಯ ಮುದುಕನೊಬ್ಬ ಕೋಲು ಎತ್ತಿ ಬೈದ.

"ಏನಂತೆ ಅವನದು?" ಎಂದು ಈ ಬದಿಯಿಂದಲೇ ಉರ್ಸುಲಾಳನ್ನು ಕೂಗಿ ಕೇಳಿದೆ.

"ಮಕ್ಕಳು ನೋಡಿ ಕಲೀತಾರೆ ಅಂತಾರೆ."

"ಇಲ್ಲಿ ಮಕ್ಕಳೆಲ್ಲಿದಾರೆ?"

"ಇಲ್ಲ" ಎಂದು ಅವಳೂ ಒಪ್ಪಿಕೊಂಡಳು. ಆದರೂ ಹಸಿರು ದೀಪ ಬರುವವರೆಗೆ ಆ ಬದಿಯಲ್ಲೇ ನಿಂತಿದ್ದಳು.

ಶನಿವಾರ

ಉರ್ಸುಲಾಳ ಮನೆ ಮೇಲೆ, ಕೆಲಸದ ಜಾಗ ಕೆಳಗೆ. ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಕಾಲುಚೀಲದಲ್ಲೇ ಒಳಗೆ ಹೋದೆ. ಅವಳು ಗಾಬರಿಯಾಗಿ ಓಡಿಬಂದಳು. ಮನೆಯೊಳಗೆ ಬೂಟು ಬಿಡಬೇಕು, ಕೆಲಸದ ಜಾಗದಲ್ಲಿ ಬಿಡಲೇಬಾರದು, ಉಳಿ ಬಿದ್ದರೆ ಬೆರಳು ಹೋಗುತ್ತೆ ಎಂದಳು. ಹತ್ಯಾರಿನ ಮುಂದೆ ಚಪ್ಪಲಿ ಹಾಕಿಕೊಂಡು ನಾನು ಯಾವತ್ತೂ ನಿಂತವಳಲ್ಲ. ಅಪ್ಪಾ ತಪ್ಪಾಯ್ತು ಎಂದು ಮನಸ್ಸಿನಲ್ಲೇ ಕೈಮುಗಿದು ಹಾಕಿಕೊಂಡೆ.

ಒಳಗೆ ಒಣ ಬಿಸಿ. ಗೋಡೆಗೆ ಒರಗಿಸಿದ ಕಬ್ಬಿಣದ ಹೀಟರುಗಳು. ಒಂದೇ ದಿನಕ್ಕೆ ನನ್ನ ತುಟಿ ಒಡೆದಿತ್ತು, ಅಂಗೈ ಬಿರಿದಿತ್ತು. ಸೆರಗು ಮುಟ್ಟಿದರೆ ಚಟ್ ಎನ್ನುತ್ತಿತ್ತು. ಟೀಪಾಯಿ ಕಿಟಕಿಯ ಹತ್ತಿರ ಇತ್ತು.

ನಾನು ನೇರವಾಗಿ ಗಿರಿಜಾಳ ಮೂಲೆಯನ್ನು ಹುಡುಕಿದೆ. ತೋರಿಸಿ ಹೇಳಬೇಕಲ್ಲ, ನೋಡಿ, ಇದು ನಾನು ಮಾಡಿದ್ದಲ್ಲ ಅಂತ. ಅವಳ ಮೂಲೆಯನ್ನು ಗುರುತು ಹಿಡಿಯುವುದು ಸುಲಭ. ನಾವೆಲ್ಲ ಬಳ್ಳಿಯನ್ನು ಬಲಗಡೆಯಿಂದ ಶುರುಮಾಡುತ್ತೇವೆ, ತಂತಿಯ ಎರಡು ತುದಿ ಕೂಡುವ ಜಾಗ ಬಲಗಡೆಯ ಎಲೆಯ ಕೆಳಗೆ ಅಡಗಿರುತ್ತದೆ. ಅವಳು ಎಡಗಡೆಯಿಂದ ಶುರುಮಾಡುತ್ತಾಳೆ. ಮೊದಲನೇ ಮೂಲೆ, ತಂತಿ ಎದ್ದಿದೆ, ಕೂಡಿಕೆ ಬಲಕ್ಕೆ. ಎರಡನೆಯದು, ಎದ್ದಿದೆ, ಬಲಕ್ಕೆ. ಮೂರನೆಯದು, ಎದ್ದಿದೆ, ಬಲಕ್ಕೆ. ನಾಲ್ಕನೇ ಮೂಲೆಯ ಕೂಡಿಕೆ ಎಡಕ್ಕಿತ್ತು. ಉಗುರಿನಿಂದ ಗೀಚಿ ನೋಡಿದೆ. ಉಗುರಿಗೆ ಎಲ್ಲೂ ಏನೂ ತಗುಲಲಿಲ್ಲ. ಕನ್ನಡಕ ಒರೆಸಿಕೊಂಡು ಟೀಪಾಯಿಯ ಸುತ್ತ ಇನ್ನೊಂದು ಸುತ್ತು ಬಂದೆ. ಎದ್ದಿದ್ದ ಮೂರೂ ನನ್ನವೇ.

ಉರ್ಸುಲಾ ಪಕ್ಕದಲ್ಲೇ ಒಂದು ನೋಟ್‌ಬುಕ್ ಹಿಡಿದು ನಿಂತಿದ್ದಳು. "ಈ ಒಂದು ಮೂಲೆಯಲ್ಲಿ ಬೇರೆ ವಿಧಾನ ಮಾಡಿದೀರಿ ಅಲ್ವಾ? ಇದು ಬಹಳ ಚೆನ್ನಾಗಿದೆ. ಪರೀಕ್ಷೆ ಮಾಡೋಕೆ ಅಂತ ಮಾಡಿದ್ರಾ?"

"ಹೂಂ" ಎಂದೆ.

"ಇದನ್ನು ಮಾಡಿದ್ದೂ ನೀವೇ?"

"ನಾನೇ."

ಬಾಯಿಂದ ಅದು ಹೇಗೆ ಬಂತೋ. ಅವಳು ಬರೆದುಕೊಂಡಳು. ಏನು ಹೇಳಿದರೂ ಬರೆದುಕೊಳ್ಳುವ ಹೆಂಗಸು. ಆ ನೋಟ್‌ಬುಕ್ಕನ್ನು ಕಿತ್ತು ಹೀಟರಿನ ಹಿಂದೆ ಎಸೆಯಬೇಕು ಅನ್ನಿಸಿತು.

ಅವಳು ಅಡುಗೆಗೆಂದು ಮೇಲೆ ಹೋದ ಮೇಲೆ ದಬ್ಬಣ ತೆಗೆದುಕೊಂಡು ಗಿರಿಜಾಳ ತಂತಿಯ ತುದಿಯನ್ನು ಒಂದಿಷ್ಟು ಎಬ್ಬಿಸಿದೆ. ಬರಲೇ ಇಲ್ಲ. ಜೋರಾಗಿ ಮೀಟಿದ ಮೇಲೆ ಉಗುರಿನುದ್ದ ಮೇಲೆದ್ದಿತು. ತಂತಿಯ ಎರಡೂ ಮೈಗೆ ಅರದಿಂದ ಉಜ್ಜಿ ಹಲ್ಲು ಮಾಡಿದ್ದಳು, ಕುಡುಗೋಲಿಗೆ ಇರುತ್ತದಲ್ಲ, ಹಾಗೆ, ಒಣಗಿದ ಮರವನ್ನೂ ಕಚ್ಚಿ ಹಿಡಿಯಲಿ ಅಂತ. ಇಡೀ ಬಳ್ಳಿಗೆ, ಎಲೆಗೆ, ಸುರುಳಿಗೆ. ಮೂರು ದಿನ ಯಾಕಾಯಿತು ಎನ್ನುವುದು ಅಲ್ಲಿತ್ತು.

ಆಗ ಅವಳು ಏನು ಹೇಳಲು ಬಂದಿದ್ದಳು ಎನ್ನುವುದೂ ನೆನಪಾಯಿತು. "ಅಕ್ಕಾ, ನಮ್ಮನೆ ಬಚ್ಚಲು ಒಲೆ ಮೇಲಿನ ಅಟ್ಟದಲ್ಲಿ ನಾನು ಮಾಡಿದ ಪೆಟ್ಟಿಗೆ ಇಟ್ಟಿದ್ದೆ. ಬಿಸಿಗೆ ಮರ ಒಣಗಿ ತಂತಿ ಎಲ್ಲ ಎದ್ಬಿಡ್ತು. ಆ ದೇಶದಲ್ಲಿ ಮನೆ ಒಳಗೆಲ್ಲ ಹೀಟರಂತೆ. ನೀರು ಕುಡಿಸಿದ್ದು ಎಷ್ಟು ದಿನ ನಿಲ್ಲುತ್ತೆ?" ನಾನು ಏನಂದೆ? "ನಮ್ಮಪ್ಪನಿಗಿಂತ ಜಾಸ್ತಿ ತಿಳ್ಕೊಂಡಿದೀಯಾ, ಎಡಚಿ? ಬಾಯಿ ಮುಚ್ಕೊಂಡು ಬಡಿ" ಎಂದೆ. ಅವಳು ಬಾಯಿ ಮುಚ್ಚಿಕೊಂಡೇ ಬಡಿದಿದ್ದಳು, ತನಗೆ ಸರಿ ಅನ್ನಿಸಿದ ಹಾಗೆ.

ಎಬ್ಬಿಸಿದ್ದ ತುದಿಯನ್ನು ಮತ್ತೆ ಬಡಿದು ಕೂರಿಸಿ ಅವಳಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ. ಎತ್ತಲಿಲ್ಲ. ಅವಳ ಮೇಲೂ ಸಿಟ್ಟು ಬಂತು ಎಂದರೆ ನೀವು ನಗುತ್ತೀರಿ. ಆದರೆ ಬಂತು.

ಭಾನುವಾರ

ಮಂಗಳವಾರ ಪ್ರದರ್ಶನ. ಮೂರು ಮೂಲೆಯ ತಂತಿಯನ್ನೂ ಕಿತ್ತು ಮತ್ತೆ ಕೂರಿಸಬೇಕು. ಹಲ್ಲು ಮಾಡುತ್ತಾ ಕೂತರೆ ಆಗದು, ಗೀರಿಗೆ ಒಂದಿಷ್ಟು ಅಂಟು ಸವರಿ ಬಡಿದುಬಿಡೋಣ ಎಂದು ಬೆಳಗ್ಗೆ ಒಂಬತ್ತಕ್ಕೆ ಸುತ್ತಿಗೆ ಎತ್ತಿದೆ. ಹತ್ತು ಏಟು ಹಾಕಿರಲಿಲ್ಲ, ಬಾಗಿಲ ಗಂಟೆ ಹೊಡೆದುಕೊಂಡಿತು. ನೋಡಿದರೆ ಹಸಿರು ಟೋಪಿ. ರಸ್ತೆಯಲ್ಲಿ ಕೋಲು ಎತ್ತಿದ್ದ ಅದೇ ಮುದುಕ. ಪಕ್ಕದ ಮನೆಯವನಂತೆ, ಹೆಸರು ಕ್ಲೌಸ್.

"ಸೋನ್‌ಟಾಗ್" ಎಂದ ಅವನು, ಬೆರಳನ್ನು ತುಟಿಗಿಟ್ಟುಕೊಂಡು. ಅಂದರೆ ಭಾನುವಾರ. ಉರ್ಸುಲಾ ನಾಚಿಕೊಂಡು ವಿವರಿಸಿದಳು. ಭಾನುವಾರ ಇಲ್ಲಿ ಬಡಿಯುವುದು, ಕೊರೆಯುವುದು, ಕೊಯ್ಯುವುದು ಏನೂ ಕೂಡದಂತೆ. ಹುಲ್ಲು ಕತ್ತರಿಸುವ ಮಿಷಿನ್ನೂ ಓಡಿಸುವಂತಿಲ್ಲವಂತೆ.

ನನಗೆ ಮೈಯೆಲ್ಲ ಉರಿಯಿತು. "ನಮ್ಮ ಕಾಮಾಕ್ಷಿಪಾಳ್ಯಕ್ಕೆ ಬಂದು ನೋಡಲಿ. ಭಾನುವಾರ ಈ ಕಡೆ ಲೇತು, ಆ ಕಡೆ ವೆಲ್ಡಿಂಗು, ಎದುರುಗಡೆ ನಾಮಕರಣದ ಮೈಕು. ಅದರ ನಡುವೆ ಪಕ್ಕದ ಮನೆ ಮಗು ಗಡದ್ದಾಗಿ ನಿದ್ದೆ ಮಾಡುತ್ತೆ. ಅಂಗೈಯಗಲದ ಸುತ್ತಿಗೆಗೆ ಇವರ ಕಿವಿ ಕಿತ್ತುಹೋಗುತ್ತಾ?" ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದೆ. ಕ್ಲೌಸ್ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು ಮತ್ತೆ "ಸೋನ್‌ಟಾಗ್" ಎಂದ.

ಅವನು ಹೋದ ಮೇಲೆ ಸುತ್ತಿಗೆ ಕೆಳಗಿಟ್ಟೆ. ಶಬ್ದವಿಲ್ಲದೆ ಮಾಡಬಹುದಾದ ಕೆಲಸ ಒಂದೇ ಇತ್ತು. ಅರ ತೆಗೆದುಕೊಂಡು, ಹೊಸ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಹಲ್ಲು ಮಾಡುತ್ತಾ ಕುಳಿತೆ. ಒಂದು ಕಡೆ ಉಜ್ಜಬೇಕು, ತಿರುಗಿಸಬೇಕು, ಇನ್ನೊಂದು ಕಡೆ ಉಜ್ಜಬೇಕು, ಮುಂದಕ್ಕೆ ಜರುಗಿಸಬೇಕು. ಕೈ ಸ್ವಲ್ಪ ಬಿಗಿಯಾದರೆ ತಂತಿ ತುಂಡಾಗುತ್ತದೆ. ಒಂದು ಗಂಟೆಗೆ ಕುತ್ತಿಗೆ ಹಿಡಿಯಿತು. ಎರಡು ಗಂಟೆಗೆ ಬೆರಳು ಮರಗಟ್ಟಿತು. ಇದನ್ನೇ ಅವಳು ಮೂರು ದಿನ, ನನ್ನ ಬಾಯಿಂದ ಒಂದೇ ಸಮನೆ ಬೈಗುಳ ಕೇಳುತ್ತಾ ಮಾಡಿದ್ದಳು.

ಮಧ್ಯಾಹ್ನ ಕ್ಲೌಸ್ ಮತ್ತೆ ಬಂದ. ನಾನು ಎದ್ದು ನಿಂತೆ, ಈ ಸಲ ಅರದ ಶಬ್ದಕ್ಕೂ ತಕರಾರು ತೆಗೆದರೆ ಬಿಡಬಾರದು ಎಂದು. ಅವನ ಕೈಯಲ್ಲಿ ತಟ್ಟೆ ಇತ್ತು, ತಟ್ಟೆಯಲ್ಲಿ ಸೇಬಿನ ಕೇಕು. ಬೆಳಗ್ಗೆ ಬಯ್ಯಲು ಬಂದವರು ಮಧ್ಯಾಹ್ನ ಕೇಕು ತರುವುದು ಇಲ್ಲಿಯ ಪದ್ಧತಿಯೋ ಏನೋ. ಅವನು ಬೂಟು ಹೊಲಿದುಕೊಂಡು ಬದುಕಿದವನಂತೆ, ಈಗ ಬಿಟ್ಟಿದ್ದಾನಂತೆ. ನನ್ನೆದುರು ಸ್ಟೂಲು ಎಳೆದುಕೊಂಡು ಕುಳಿತ. ಸ್ವಲ್ಪ ಹೊತ್ತು ನೋಡಿ ಒಂದು ತುಂಡು ತಂತಿಯನ್ನೂ ಅರವನ್ನೂ ತೆಗೆದುಕೊಂಡು ತಾನೂ ಉಜ್ಜತೊಡಗಿದ. ಅರ ಅವನ ಎಡಗೈಯಲ್ಲಿತ್ತು.

ಉರ್ಸುಲಾ ಕಾಫಿ ತಂದಳು. ಕ್ಲೌಸ್ ಎದ್ದು ಟೀಪಾಯಿಯ ಹತ್ತಿರ ಹೋಗಿ, ಗಿರಿಜಾಳ ಮೂಲೆಯ ಮೇಲೆ ಎಡಗೈ ಆಡಿಸಿದ. ಸುರುಳಿ ಹೋದ ದಿಕ್ಕಿಗೇ ಅವನ ಬೆರಳೂ ಹೋಯಿತು.

"ಲಿಂಕ್ಸ್" ಎಂದ.

"ಎಡಗೈ ಅಂತಿದಾರೆ" ಎಂದಳು ಉರ್ಸುಲಾ. ಅವನು ಇನ್ನೂ ಏನೇನೋ ಹೇಳಿದ. ಅವಳು ಒಂದೊಂದೇ ವಾಕ್ಯ ತಿಳಿಸಿದಳು. ಈ ಮೂಲೆ ಎಡಗೈಯವರು ಮಾಡಿದ್ದಂತೆ. ಅವನಿಗೆ ಇದು ನೋಡಿದೊಡನೆ ಗೊತ್ತಾಗುತ್ತದಂತೆ. ಸ್ಕೂಲಿನಲ್ಲಿ ಮೇಷ್ಟ್ರು ಅವನ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕುತ್ತಿದ್ದರಂತೆ.

ಇಬ್ಬರೂ ನನ್ನ ಕೈ ನೋಡಿದರು. ಅರ ನನ್ನ ಬಲಗೈಯಲ್ಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನಾನು ಅರವನ್ನು ಕೆಳಗಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ಎಂಥ ಅಸಹ್ಯ ಬಂತೆಂದರೆ, ಇನ್ನು ಸುಳ್ಳು ಹೇಳುವುದಕ್ಕೂ ತ್ರಾಣವಿರಲಿಲ್ಲ.

"ಆ ಮೂಲೆ ನಾನು ಮಾಡಿದ್ದಲ್ಲ" ಎಂದೆ. "ಗಿರಿಜಾ ಅಂತ ಒಬ್ಬಳು. ನಮ್ಮ ಶೆಡ್ಡಿನಲ್ಲಿದ್ದಳು. ನಿಮ್ಮ ಫೋಟೊ ಬಂದ ದಿನ, ಅದು ಅವಳ ಕೆಲಸ ಅಂತ ಎಲ್ಲರ ಮುಂದೆ ಬೈದು ಓಡಿಸಿದೆ."

ಉರ್ಸುಲಾ ಗಿರಿಜಾಳ ಮೂಲೆಯ ಕಡೆ ತಿರುಗಿದಳು. "ಆದರೆ ನಾನು ಕಳಿಸಿದ ಫೋಟೊದಲ್ಲಿ ಈ ಮೂಲೆ ಇರಲೇ ಇಲ್ಲವಲ್ಲ" ಎಂದು ತನ್ನ ಫೋನು ತೆಗೆದು ತೋರಿಸಿದಳು.

ಅದೇ ಫೋಟೊ. ಕನ್ನಡಕ ಈಗ ಕಣ್ಣಿನ ಮೇಲಿತ್ತು. ಕೂಡಿಕೆ ಬಲಗಡೆಯ ಎಲೆಯ ಕೆಳಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನೋಡಿದ್ದರೆ ಅವತ್ತೇ ಕಾಣುತ್ತಿತ್ತು. ಅವಳು ಕೇಳಿದ್ದೂ ಅಷ್ಟೇ, ಒಂದ್ಸಲ ಸರಿಯಾಗಿ ನೋಡಿ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರವರಿಗೆಲ್ಲ ಹೇಳಿಕೊಂಡು ತಿರುಗುವವಳು ನಾನು.

ಉರ್ಸುಲಾ ನೋಟ್‌ಬುಕ್ ತೆಗೆದು ನಿನ್ನೆ ಬರೆದ ಸಾಲನ್ನು ಹೊಡೆದುಹಾಕಿದಳು. "ಹೆಸರು ಹೇಗೆ ಬರೆಯೋದು?" ಎಂದಳು. ನಾನೇ ಬರೆದುಕೊಟ್ಟೆ, ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ಒಂಬತ್ತು ವರ್ಷದಲ್ಲಿ ಆ ಹೆಸರನ್ನು ನಾನು ಬರೆದದ್ದು ಅದೇ ಮೊದಲು.

ಸೋಮವಾರ, ಮಂಗಳವಾರ

ಸೋಮವಾರ ಬೆಳಗ್ಗೆ ಸರಿಯಾಗಿ ಏಳಕ್ಕೆ ಕ್ಲೌಸ್ ಬಾಗಿಲು ತಟ್ಟಿದ. ಗಡಿಯಾರ ತೋರಿಸಿ, ಮುಷ್ಟಿಯಿಂದ ಗಾಳಿಯಲ್ಲಿ ಬಡಿಯುವ ಹಾಗೆ ಮಾಡಿದ. ಇನ್ನು ಎಷ್ಟು ಬೇಕಾದರೂ ಬಡಿಯಬಹುದು ಅಂತ. ಹಲ್ಲು ಮಾಡಿದ ತಂತಿ ಸಿದ್ಧವಿತ್ತು. ಅಂಟು ಮುಟ್ಟಲಿಲ್ಲ, ಒದ್ದೆ ಬಟ್ಟೆಯನ್ನೂ ಮುಟ್ಟಲಿಲ್ಲ. ಸಾಯಂಕಾಲದ ಹೊತ್ತಿಗೆ ಮೂರು ಮೂಲೆಯೂ ಕೂತವು. ಉಗುರಿನಿಂದ ಗೀಚಿ ನೋಡಿದೆ. ನಾಲ್ಕೂ ಒಂದೇ ಸಮ.

ಪ್ರದರ್ಶನದಲ್ಲಿ ಟೀಪಾಯಿಯ ಪಕ್ಕದಲ್ಲಿ ಒಂದು ಕಾರ್ಡು ಇಟ್ಟಿದ್ದರು. ಮೊದಲು ಶೆಡ್ಡಿನ ಹೆಸರು, ಕೆಳಗೆ ನನ್ನ ಹೆಸರು, ಅದರ ಕೆಳಗೆ ನಾಲ್ಕನೇ ಮೂಲೆ ಮತ್ತು ತಂತಿಯ ವಿಧಾನ ಗಿರಿಜಾ ಎಂಬವರದು ಅಂತ. ಉರ್ಸುಲಾ ಭಾಷಣದಲ್ಲೂ ಅದನ್ನು ಹೇಳಿದಳು. ಜನ ಚಪ್ಪಾಳೆ ಹೊಡೆದು ನನ್ನ ಕಡೆ ನೋಡಿದರು. ಗಿರಿಜಾ ನಾನೇ ಅಂದುಕೊಂಡಿದ್ದರು. ನಾನಲ್ಲ, ನಾನಲ್ಲ ಎಂದು ಕೈಯಾಡಿಸಿದರೆ ವಿನಯ ಎಂದುಕೊಂಡು ಇನ್ನೂ ಜೋರಾಗಿ ಹೊಡೆದರು. ಅಷ್ಟರಲ್ಲಿ ಒಬ್ಬ ಪುಣ್ಯಾತ್ಮ ಒದ್ದೆ ಗ್ಲಾಸನ್ನು ತಂದು ನೇರವಾಗಿ ಗಿರಿಜಾಳ ಬಳ್ಳಿಯ ಮೇಲೆ ಇಟ್ಟ. ಗ್ಲಾಸು ಕಿತ್ತು ಅವನ ಕೈಗೆ ಕೊಟ್ಟು ಸೆರಗಿನಿಂದ ಹಲಗೆ ಒರೆಸಿದೆ. ಜರ್ಮನಿಯಲ್ಲಿ ನಾನು ಮಾಡಿದ ಸರಿಯಾದ ಜಗಳ ಅದೊಂದೇ.

ಹೊರಡುವಾಗ ಆ ಕಾರ್ಡನ್ನು ಕೇಳಿ ಇಸಕೊಂಡೆ. ಸುತ್ತಿಗೆ ಲಗೇಜಿಗೆ ಹೋಯಿತು, ಕಾರ್ಡು ಕೈಯಲ್ಲೇ ಬಂತು.

ಬ್ಯಾಡರಹಳ್ಳಿ

ಬಂದ ಮಾರನೇ ದಿನವೇ ಹೋದೆ. ಹಳೇ ಊರಿನ ಬೀದಿ ಹಾಗೇ ಇದೆ, ಸುತ್ತಲೂ ನಾಲ್ಕು ಮಾಳಿಗೆಯ ಮನೆಗಳು ಎದ್ದಿವೆ. ಗಿರಿಜಾಳ ತಾಯಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಎಡಚಿ ಇದಾಳಾ ಅಮ್ಮಾ?" ಎಂದೆ.

ಆಯಮ್ಮ ತಲೆ ಎತ್ತದೆ, "ಗಿರಿಜಾ ಇದಾಳೆ" ಎಂದರು.

ಗಿರಿಜಾ ಹೊರಗೆ ಬಂದಳು. ಕೂತ್ಕೊಳ್ಳಿ ಎಂದಳು, ನೀರು ಕೊಟ್ಟಳು. ಆ ಮರ್ಯಾದೆಯೇ ನನಗೆ ಚುಚ್ಚಿತು. ಕಾರ್ಡು ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ. ನಾನೇ ಮಾಡಿದೆ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಕಾರ್ಡಿನಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದಳು.

"ತಪ್ಪು ನಂದು ಕಣೇ" ಎಂದೆ. "ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತವಾದ್ಮೇಲೆ ಬರಲ್ಲ ಅಂತಾರೆ. ಆದ್ರೂ ಕೇಳ್ತಾ ಇದೀನಿ, ವಾಪಸ್ ಬಾ."

"ಇಲ್ಲಿ ಹೇಳಿದ್ದು ಸರಿ ಅಕ್ಕಾ. ಆದ್ರೆ ಬೈದಿದ್ದು ಇಲ್ಲಲ್ಲ. ಎಲ್ರ ಮುಂದೆ ಬೈದ್ರಿ. ಇದನ್ನೂ ಎಲ್ರ ಮುಂದೆ ಹೇಳಿ."

ಒಂದು ಕ್ಷಣ ನನ್ನ ಹಳೇ ಸಿಟ್ಟು ಗಂಟಲಿಗೆ ಬಂತು. ಏನು ಇವಳ ಠೇಂಕಾರ ಅಂತ. ನೀರು ಕುಡಿದು ನುಂಗಿಕೊಂಡೆ. "ನಾಳೆ ಕಾಫಿ ಹೊತ್ತಿಗೆ ಬಾ" ಎಂದೆ.

ಮತ್ತೆ ಕಾಮಾಕ್ಷಿಪಾಳ್ಯ

ಮಾರನೇ ದಿನ ಹನ್ನೊಂದು ಗಂಟೆಗೆ ಮಂಜು, ಪಾಲಿಶ್ ಮಾಡುವ ಇಬ್ಬರು, ಕಾಫಿ ತರುವವನು, ಅವತ್ತು ಇದ್ದವರೆಲ್ಲ ಇದ್ದರು. ಗಿರಿಜಾ ಬಂದು ಹೊಸ್ತಿಲ ಹೊರಗೆ ನಿಂತಳು. ಚಪ್ಪಲಿ ಬಿಡಲಿಲ್ಲ.

ನಾನು ಅಪ್ಪನ ಫೋಟೊದ ಕೆಳಗೆ ನಿಂತು ಹೇಳಿದೆ. ಎದ್ದಿದ್ದು ನನ್ನ ಮೂರು ಮೂಲೆ, ನಿಂತಿದ್ದು ಇವಳ ಒಂದು ಮೂಲೆ. ಫೋಟೊವನ್ನು ನಾನು ಕನ್ನಡಕ ಹಾಕಿಕೊಂಡು ನೋಡಲಿಲ್ಲ. ಅಪ್ಪನ ಮಾತು ನಮ್ಮೂರಿನ ಗಾಳಿಗೆ ಸರಿ, ಆ ಊರಿನ ಗಾಳಿಗೆ ಇವಳ ಮಾತೇ ಸರಿ. ಇವಳು ಹೇಳಲು ಬಂದಾಗ ಬಾಯಿ ಮುಚ್ಚಿಸಿದವಳು ನಾನು. ಹೇಳುತ್ತಾ ಕಿವಿ ಬಿಸಿಯಾಯಿತು. ಮಂಜು ನೆಲ ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಈ ಬಾಯಿಂದ ಇಂಥ ಮಾತು ಯಾರೂ ಕೇಳಿರಲಿಲ್ಲ.

ಮುಗಿಸಿ, "ಇನ್ನು ಬಾರೇ ಒಳಗೆ" ಎಂದೆ.

ಅವಳು ಅಲ್ಲಾಡಲಿಲ್ಲ. "ಇನ್ನೂ ಒಂದು ಬಾಕಿ ಇದೆ ಅಕ್ಕಾ."

"ಏನೇ?"

"ಯಾರನ್ನ ಕರೀತಾ ಇದೀರ ಅಂತ ಹೇಳಿ ಕರೀರಿ."

ನಾನು ಹೊಸ್ತಿಲ ಹತ್ತಿರಕ್ಕೆ ಹೋದೆ. ಹೊರಗೆ ಲೇತು ಓಡುತ್ತಿತ್ತು.

"ಗಿರಿಜಾ" ಎಂದೆ. "ಒಳಗೆ ಬಾ, ಗಿರಿಜಾ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.